ಮನೆಯ ಅಡ್ಮಿನಿಸ್ಟ್ರೇಟರ್

ಮನೆಯ ಕಂಪ್ಯೂಟರಿನ ಮೇಲೆ ವೈಜಯಂತಿಗೆ ಯಾವ ಅಧಿಕಾರವೂ ಇರಲಿಲ್ಲ.

ಹಳೆಯದಕ್ಕೆ ಇಂಥ ತಕರಾರಿರಲಿಲ್ಲ. ಗುಂಡಿ ಒತ್ತಿದರೆ ಗರ್ರೆಂದು ಎದ್ದು, ಹೇಳಿದ್ದನ್ನು ಮಾಡಿ, ಮಲಗುತ್ತಿತ್ತು. ಅದು ಕೆಟ್ಟುಹೋದ ಮೇಲೆ ಗಂಡ ಚಿದಂಬರ ದೆಹಲಿಯ ನೆಹರೂ ಪ್ಲೇಸಿನಿಂದ 2008ರ ಹೊಸ ಮಾಲು ತಂದ. ಅದು ಎಚ್ಚರಾಗುವುದರೊಳಗೆ ಕಾಫಿ ಮಾಡಿ ಕುಡಿದು ಲೋಟ ತೊಳೆದಿಡಬಹುದಿತ್ತು. ಎಚ್ಚರಾದ ಮೇಲೂ ಏನು ಮಾಡಹೋದರೂ ಪರದೆಯನ್ನೆಲ್ಲ ಕಪ್ಪು ಮಾಡಿ, ನಡುವೆ ಒಂದು ಪೆಟ್ಟಿಗೆ ತೆರೆದು, ಇದಕ್ಕೆ ಅನುಮತಿ ಇದೆಯೇ ಎಂದು ಕೇಳುತ್ತಿತ್ತು. ಅಂಗಡಿಯವನಿಗೆ ಫೋನು ಮಾಡಿದರೆ, "ನಯಾ ಹೈ ಭಾಭೀಜಿ, ಪೂಛೇಗಾ ಹೀ," ಹೊಸದು, ಕೇಳಿಯೇ ಕೇಳುತ್ತದೆ, ಎಂದ. ಹೊಸ ಸೊಸೆಯ ವಿಷಯ ಮಾತಾಡಿದ ಹಾಗೆ.

ಚಿದಂಬರನಿಗೆ ಮಾತ್ರ ಅದು ಬಹಳ ಹಿಡಿಸಿತು. ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರನಾಗಿದ್ದ ಅವನು, ಕೇಳದೆ ಏನನ್ನೂ ಮಾಡದ ಕೈಕೆಳಗಿನವನಿಗಾಗಿ ನೌಕರಿಯುದ್ದಕ್ಕೂ ಕಾದಿದ್ದ. ತನ್ನನ್ನು ಅಡ್ಮಿನಿಸ್ಟ್ರೇಟರ್ ಮಾಡಿಕೊಂಡು ಹೆಂಡತಿಯನ್ನು ಸಾಮಾನ್ಯ ದರ್ಜೆಗೆ ಹಾಕಿದ. ಪೆಟ್ಟಿಗೆ ತೆರೆದಾಗ ಅವನ ಪಾಸ್‌ವರ್ಡ್ ಕೊಟ್ಟರಷ್ಟೇ ಮುಂದಿನ ಕೆಲಸ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅದನ್ನು ಒತ್ತಿ, ಕನ್ನಡ ಬರೆಯುವ ತಂತ್ರಾಂಶವನ್ನು ತೆರೆದುಕೊಟ್ಟು ಹೋಗುತ್ತಿದ್ದ. ಒತ್ತುವಾಗ ವೈಜಯಂತಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು.

ಅವಳು ಬರೆಯುತ್ತಿದ್ದದ್ದು ನಾಟಕ. ಕನ್ನಡ ಬಳಗದ ಸ್ಪರ್ಧೆಗೆ, ಅವಳ ಮೊದಲನೆಯದು. ಗೆದ್ದ ನಾಟಕವನ್ನು ರಾಜ್ಯೋತ್ಸವಕ್ಕೆ ಆಡುತ್ತಾರೆ. ಪ್ರತಿ ಟೈಪಾಗಿರಬೇಕು, ಶುಕ್ರವಾರ ಸಂಜೆ ಐದರೊಳಗೆ ಪೀತಮ್‌ಪುರದ ಬಳಗದ ಕಚೇರಿ ಮುಟ್ಟಬೇಕು. ಆ ಶುಕ್ರವಾರ ಬೆಳಿಗ್ಗೆ, ಕೊನೆಯ ದೃಶ್ಯವೊಂದೇ ಬಾಕಿ ಇರುವಾಗ, ಅವರಿದ್ದ ಆರ್.ಕೆ.ಪುರಂನಲ್ಲಿ ಕರೆಂಟು ಹೋಗಿ ಬಂತು. ತಂತ್ರಾಂಶ ತೆರೆಯಹೋದರೆ ಪರದೆ ಮತ್ತೆ ಕಪ್ಪಾಯಿತು. ಅವಳು ಗಂಡನ ಆಫೀಸಿಗೆ ಫೋನು ಮಾಡಿದಳು.

"ರೀ, ಅದು ಮತ್ತೆ ಕೇಳ್ತಾ ಇದೆ. ಪಾಸ್‌ವರ್ಡ್ ಹೇಳಿ."

"ಫೋನಲ್ಲಿ ಹೇಳೋದಾ? ಸುತ್ತ ಜನ ಇದಾರೆ. ಸಂಜೆ ಬಂದು ನೋಡ್ತೀನಿ."

"ಸಂಜೆಗೆ ನನ್ನ ನಾಟಕದ ತಿಥಿ ಆಗಿರತ್ತೆ."

"ಸೆಕ್ಯುರಿಟಿ ಅಂದ್ರೆ ಹಾಗೇನೇ ವೈಜು."

"ನೀವು ರಜ ಹಾಕಿದಾಗ ನಿಮ್ಮ ಫೈಲಿಗೆ ಲಿಂಕ್ ಆಫೀಸರ್ ಅಂತ ಇನ್ನೊಬ್ಬರು ಸಹಿ ಹಾಕಲ್ವಾ? ಮನೆಗೆ ಯಾರು ಲಿಂಕ್ ಆಫೀಸರು?"

"ಮನೇಲಿ ಆ ಪೋಸ್ಟ್ ಸ್ಯಾಂಕ್ಷನ್ ಆಗಿಲ್ಲ," ಎಂದು ನಗುತ್ತಾ ಫೋನಿಟ್ಟ.

ಆಫೀಸಿನಲ್ಲಿ ಮಾತ್ರ ಆ ಪೋಸ್ಟಿಗೆ ಒಬ್ಬನಿದ್ದ. ಧಾರವಾಡದ ಕಡೆಯ ಮಹಂತೇಶ್, ಚಿದಂಬರನ ಪಕ್ಕದ ಮೇಜಿನವನು, ಹಬ್ಬಕ್ಕೊಮ್ಮೆ ಮನೆಗೆ ಊಟಕ್ಕೆ ಬರುವವನು. ಗಂಡ ಮೀಟಿಂಗಿಗೆ ಎದ್ದು ಹೋಗುವ ಹೊತ್ತು ನೋಡಿಕೊಂಡು ವೈಜಯಂತಿ ಮತ್ತೆ ಫೋನು ಮಾಡಿದಳು. ಮಹಂತೇಶನೇ ಎತ್ತಿಕೊಂಡ.

"ಹೇಳ್ರಿ ವೈನಿ. ಅವರು ಮೀಟಿಂಗಿಗೆ ಹೋಗ್ಯಾರ."

"ಅವರಿಲ್ಲದಾಗ ಅವರ ಅಧಿಕಾರ ಎಲ್ಲ ನಿಮ್ಮದೇ ಅಲ್ವಾ?"

"ಹೌದ್ರಿ. ಬೈಸಿಕೊಳ್ಳೋದೂ ಸೇರಿ."

"ಹಾಗಾದ್ರೆ ಅವರ ಪಾಸ್‌ವರ್ಡ್ ಹೇಳಿ."

"ಹಳೇ ಸ್ಕೂಟರಿನ ನಂಬರ್ ಅಲ್ಲೇನ್ರಿ? ಇಡೀ ಸೆಕ್ಷನ್ನಿಗೆ ಗೊತ್ತೈತಿ. ಅವರು ಒತ್ತಿದ್ರ ಎರಡು ಸಲ ತಪ್ಪತೈತಿ, ದಿನಾ ನಾವ ಒತ್ತಿ ಕೊಡ್ತೀವಿ."

ಮನೆಯಲ್ಲೂ ಅದೇ ಇರಬಹುದೆಂದು ಒತ್ತಿ ನೋಡಿದಳು. ತೆರೆಯಿತು. ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಇಷ್ಟು ದಿನ ಗೋಡೆ ನೋಡುತ್ತ ನಿಂತದ್ದು ಒಂದು ಸ್ಕೂಟರಿನ ನಂಬರಿಗೆ.

ಊಟ ಬಿಟ್ಟು ಟೈಪು ಮಾಡಿದಳು. ದೃಶ್ಯ ಮುಗಿಸಿ ಸೇವ್ ಒತ್ತಿದಾಗ ಪೆಟ್ಟಿಗೆ ಮತ್ತೆ ಬಂತು. ಫೋನೂ ಬಂತು.

"ಮಹಂತೇಶ ಎಲ್ಲ ಹೇಳಿದ," ಎಂದ ಚಿದಂಬರ. "ಈಗೇನು ಕೇಳ್ತಾ ಇದೆ ಅದು?"

"ಯಾವುದೋ ಗೊತ್ತಿಲ್ಲದ ಹೆಸರು ತೋರಿಸ್ತಾ ಇದೆ. ಸೇವ್ ಮಾಡೋಕೆ ಹೋದ್ರೆ ಬಂತು."

"ಹೆಸರು ಗೊತ್ತಿಲ್ಲದ್ದಕ್ಕೆಲ್ಲ ಹೂಂ ಅನ್ನೋದಾ? ಕ್ಯಾನ್ಸಲ್ ಒತ್ತು."

"ರೀ, ನಾನಿನ್ನೂ ಸೇವ್..."

"ಒತ್ತು ಅಂದೆ. ಅಡ್ಮಿನಿಸ್ಟ್ರೇಟರ್ ನಾನು."

ಮದುವೆಯಾದಾಗಿನಿಂದ ಅವಳು ಮರುಮಾತಿಲ್ಲದೆ ಪಾಲಿಸಿದ ಅಪ್ಪಣೆ ಅದೊಂದೇ ಇರಬೇಕು. ಕ್ಯಾನ್ಸಲ್ ಒತ್ತಿದಳು. ಪರದೆ ಬಿಳಿಚಿಕೊಂಡಿತು, ತಂತ್ರಾಂಶ ತಂತಾನೇ ಮುಚ್ಚಿಕೊಂಡಿತು. ಸ್ಕೂಟರಿನ ನಂಬರು ಒತ್ತಿ ಮತ್ತೆ ತೆರೆದರೆ ನಿನ್ನೆಯವರೆಗಿನ ನಾಟಕ ಇತ್ತು, ಇವತ್ತಿನ ದೃಶ್ಯ ಇರಲಿಲ್ಲ.

ಮತ್ತೆ ಟೈಪು ಮಾಡಲು ಹೊತ್ತಿರಲಿಲ್ಲ. ಇದ್ದಷ್ಟನ್ನು ಪ್ರಿಂಟು ತೆಗೆದು ಓದಿದಳು. ನಾಟಕದಲ್ಲಿ ಇಸ್ಪೀಟಾಡಿ ತಡವಾಗಿ ಬಂದ ಗಂಡನನ್ನು ಹೆಂಡತಿ ಹೊರಗೆ ಹಾಕಿ ಚಿಲಕ ಜಡಿದಿದ್ದಳು. ಅಳಿಸಿಹೋದ ಕೊನೆಯ ದೃಶ್ಯದಲ್ಲಿ ಅತ್ತೆ ಮತ್ತು ಒಬ್ಬ ಪೇದೆ ಬಂದು ಬುದ್ಧಿ ಹೇಳುತ್ತಾರೆ, ಗಂಡ ತಪ್ಪಾಯಿತೆನ್ನುತ್ತಾನೆ, ಬಾಗಿಲು ತೆರೆಯುತ್ತದೆ. ಈಗ ಗಂಡ ಬಾಗಿಲು ಬಡಿಯುತ್ತಾನೆ, ಹೆಂಡತಿ ದೀಪ ಆರಿಸುತ್ತಾಳೆ, ಅಷ್ಟೇ. ವೈಜಯಂತಿ ಅದರ ಕೆಳಗೆ ಪೆನ್ನಿನಲ್ಲಿ 'ತೆರೆ' ಎಂದು ಬರೆದು ಆಟೋ ಹತ್ತಿದಳು.

ಐದಕ್ಕೆ ಸ್ವಲ್ಪ ಮುಂಚೆ ಮುಟ್ಟಿದಳು. ಬಳಗದ ಕಾರ್ಯದರ್ಶಿ ಲೀಲಮ್ಮ ಪ್ರತಿಯ ಕೊನೆಯ ಪುಟವನ್ನೇ ಮೊದಲು ಓದಿದರು.

"ಅಲ್ವೇ, ಗಂಡ ಒಳಗೆ ಬರೋದೇ ಇಲ್ವಾ?"

"ಬರ್ತಿದ್ದ," ಎಂದಳು ವೈಜಯಂತಿ. "ನಮ್ಮನೆಯವರು ಬೇಡ ಅಂದ್ರು."

ಲೀಲಮ್ಮ ಚೀಟಿ ಕೊಟ್ಟು ಪ್ರತಿಯನ್ನು ಕಟ್ಟಿನೊಳಗೆ ಸೇರಿಸಿದರು. ಒಟ್ಟು ಹೋದದ್ದು ನಾಲ್ಕು ಪುಟ, ಎರಡು ಪಾತ್ರ, ಗಂಡನ ಒಂದು ಕ್ಷಮಾಪಣೆ.