ಕೇದಗೆ ಅತ್ತದ್ದು

ಸಿದ್ಧಕಟ್ಟೆಯಿಂದ ಮೂಡುಬಿದಿರೆಯವರೆಗೆ ಪದ್ಮಲತಾಳನ್ನು ಎಲ್ಲರೂ ಗುರುತಿಸುತ್ತಿದ್ದದ್ದು 'ಕೇದಗೆಯ ಅಮ್ಮ' ಎಂದು. ಅವಳ ಒಬ್ಬಳೇ ಮಗಳು ತ್ರಿಶಾ ಒಂಬತ್ತು ವರ್ಷ ಟೀವಿಯಲ್ಲಿ ದೆವ್ವವಾಗಿದ್ದಳು. 'ಬಾವಿಕಟ್ಟೆ' ಎಂಬ ಆ ಧಾರಾವಾಹಿಯಲ್ಲಿ ಗಂಡನ ಮನೆಯವರು ಬಾವಿಗೆ ದೂಡಿ ಕೊಂದ ಸೊಸೆ ಕೇದಗೆ, ಒದ್ದೆ ಕೂದಲನ್ನು ಮುಖಕ್ಕೆ ಇಳಿಬಿಟ್ಟುಕೊಂಡು ಎದ್ದು ಬಂದು ಒಬ್ಬೊಬ್ಬರನ್ನೇ ಮುಗಿಸುತ್ತಾಳೆ. ಎಷ್ಟು ಮುಗಿಸಿದರೂ ಆ ಮನೆಯಲ್ಲಿ ಜನ ತೀರುತ್ತಿರಲಿಲ್ಲ. ಸತ್ತ ಭಾವನಿಗೆ ಅವಳಿ ತಮ್ಮನೊಬ್ಬ ಹುಟ್ಟಿಕೊಳ್ಳುತ್ತಿದ್ದ, ಸತ್ತ ಅತ್ತೆಗೆ ಮುಂಬಯಿಯಲ್ಲಿ ತಂಗಿಯೊಬ್ಬಳು ಇರುತ್ತಿದ್ದಳು.

ಮೊದಮೊದಲು ಪದ್ಮಲತಾಳಿಗೂ ಹೆಮ್ಮೆಯೇ. ವೇಣೂರಿನ ಒಂದು ಮದುವೆಗೆ ಮಗಳನ್ನು ಕರೆದುಕೊಂಡು ಹೋದಾಗ ಒಬ್ಬ ತಾಯಿ ತನ್ನ ಮಗುವಿನ ಕಣ್ಣು ಮುಚ್ಚಿದಳು; ಇನ್ನೊಬ್ಬಳು ತನ್ನ ಮಗುವಿನ ತಲೆಯ ಮೇಲೆ ಕೈ ಇಡುವಂತೆ ತ್ರಿಶಾಳನ್ನು ಬೇಡಿಕೊಂಡಳು, ಹೆದರಿಕೆ ಬಿಡುತ್ತದಂತೆ. ಮದುಮಗಳನ್ನು ಬಿಟ್ಟು ಜನರೆಲ್ಲ ತ್ರಿಶಾಳ ಜೊತೆ ಫೋಟೋಕ್ಕೆ ನಿಂತರು. ಆದರೆ ಬೆಳ್ತಂಗಡಿಯ ಕಡೆಯಿಂದ ಬಂದ ಒಳ್ಳೆಯ ಸಂಬಂಧವೊಂದು ಮುರಿದುಬಿತ್ತು. ಹುಡುಗನ ಅಜ್ಜಿ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸಿದವರಲ್ಲ, ಆ ಮುಖವನ್ನು ಬೆಳಿಗ್ಗೆ ಎದ್ದು ಮನೆಯೊಳಗೆ ನೋಡುವುದು ಹೇಗೆ ಎಂದರಂತೆ. ತ್ರಿಶಾ ಅದನ್ನು ಕೇಳಿ ನಕ್ಕಳು. ಆಮೇಲೆ ಬಂದ ಸಂಬಂಧಗಳ ಬಗ್ಗೆ ಅವಳು ವಿಚಾರಿಸಲಿಲ್ಲ.

ಪಕ್ಕದ ಮನೆಯ ಜಲಜಾಕ್ಷಿಯಷ್ಟು ಕೇದಗೆಯನ್ನು ಹಚ್ಚಿಕೊಂಡವರು ಊರಲ್ಲಿ ಬೇರೆ ಇರಲಿಲ್ಲ. ಅವಳ ಗಂಡ ರಮಾನಾಥ ದುಬೈಯ ಹೋಟೆಲೊಂದರಲ್ಲಿ ಇದ್ದ, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಸಂಜೆಯಾದರೆ ಅವಳಿಗೆ ಕೇದಗೆಯೇ ಜೊತೆ. ಪದ್ಮಲತಾಳ ಗಂಡ ಪ್ರಭಾಚಂದ್ರರು ಮೂಡುಬಿದಿರೆಯ ತಮ್ಮ ಬಟ್ಟೆ ಅಂಗಡಿ ಮುಚ್ಚಿ ಬರುವುದು ಸ್ವಲ್ಪ ತಡವಾದರೆ, ಆ ದಿನದ ಕಂತಿನಲ್ಲಿ ಏನಾಯಿತೆಂದು ಜಲಜಾಕ್ಷಿ ಬೇಲಿಯ ಆಚೆಯಿಂದಲೇ ಅವರಿಗೆ ಹೇಳುತ್ತಿದ್ದಳು. ಮೊಬೈಲಿನಲ್ಲಿ 'ಕೇದಗೆ ಬಳಗ' ಎಂಬ ದೊಡ್ಡ ಗುಂಪೊಂದಿತ್ತು. ಕೇದಗೆಯ ಮನೆಯ ಪಕ್ಕದವಳೆಂದು ಆ ಗುಂಪಿನಲ್ಲಿ ಅವಳ ಮಾತಿಗೆ ತೂಕವೂ ಇತ್ತು.

ಹೀಗಿರುವಾಗ ತ್ರಿಶಾ ಧಾರಾವಾಹಿ ಬಿಟ್ಟಳು. ದಿನವೂ ತಲೆಗೆ ನೀರು ಸುರಿಸಿಕೊಂಡು ಕಿವಿ ಸೋರಲು ಶುರುವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನಗುವ, ಜಗಳ ಮಾಡುವ, ಬಸ್ಸಿಗೆ ಕಾಯುವ ಒಬ್ಬ ಸಾಮಾನ್ಯ ಹೆಂಗಸಿನ ಪಾತ್ರ ಒಮ್ಮೆಯಾದರೂ ಮಾಡಬೇಕೆಂಬ ಆಸೆ ಇತ್ತು. ಚಾನೆಲಿನವರು ಬೇರೆ ಹುಡುಗಿಯನ್ನು ಬಾವಿಯಿಂದ ಎಬ್ಬಿಸಿದರು. ಬಳಗದವರು ಅವಳನ್ನು ಒಪ್ಪಲಿಲ್ಲ. ಸಿಟ್ಟು ಮಾತ್ರ ಚಾನೆಲಿನ ಮೇಲೆ ಹೋಗದೆ ತ್ರಿಶಾಳ ಮೇಲೆ ತಿರುಗಿತು. ಅನ್ನ ಕೊಟ್ಟ ಪಾತ್ರವನ್ನು ಒದ್ದವಳು, ನಂಬಿದವರಿಗೆ ಕೈಕೊಟ್ಟವಳು ಎಂದು ಬರೆದರು. ಕೇದಗೆ ಸುಮ್ಮನೆ ಬಿಡುವುದಿಲ್ಲ, ನೋಡುತ್ತಿರಿ ಎಂದೂ ಬರೆದರು.

ಅದಾಗಿ ಎರಡು ತಿಂಗಳಿಗೆ ಪ್ರಭಾಚಂದ್ರರು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು.

ಚಾವಡಿಯಲ್ಲಿ ಮಲಗಿಸಿದ್ದ ಅಪ್ಪನ ಕಾಲ ಬುಡದಲ್ಲಿ ತ್ರಿಶಾ ಕುಳಿತಳು. ಪಂಚನಮಸ್ಕಾರ ಮಂತ್ರ ನಡೆಯುತ್ತಿತ್ತು. ಅವಳು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಬಾಯಿಂದ ಸದ್ದು ಬರಲಿಲ್ಲ, ಬೆನ್ನು ಮಾತ್ರ ಅದುರುತ್ತಿತ್ತು. ಮದುವೆಯಲ್ಲಿ ಸೇರಿದ್ದಂತೆಯೇ ಜನ ಸೇರಿದ್ದರು. ಯಾರ ಕೈಯಲ್ಲಿ ಏನಿತ್ತೆಂದು ನೋಡುವ ಸ್ಥಿತಿಯಲ್ಲಿ ಪದ್ಮಲತಾ ಇರಲಿಲ್ಲ.

ಮರುದಿನ ತ್ರಿಶಾ ಹಾಗೆ ಕುಳಿತಿದ್ದ ವೀಡಿಯೋ ಎಲ್ಲರ ಮೊಬೈಲಿನಲ್ಲಿತ್ತು. ಅಪ್ಪ ಸತ್ತರೂ ಇವಳ ಕಣ್ಣಲ್ಲಿ ನೀರಿಲ್ಲ ಎಂದು ಒಬ್ಬರು ಬರೆದಿದ್ದರು. ಟೀವಿಯಲ್ಲಿ ಇದಕ್ಕಿಂತ ಚೆನ್ನಾಗಿ ಅಳುತ್ತಿದ್ದಳು ಎಂದು ಇನ್ನೊಬ್ಬರು. ಕೇದಗೆಯನ್ನು ಬಿಟ್ಟದ್ದಕ್ಕೆ ಬಲಿ ಬಿತ್ತು ಎಂಬ ಮಾತಿಗೆ ಸಾವಿರಾರು ಜನ ಹೌದೆಂದಿದ್ದರು. ಅದನ್ನು ಓದಿದ ಮೇಲೆ ತ್ರಿಶಾ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಚಿತ್ರ ತೆಗೆದ ಜಾಗ ನೋಡಿಯೇ ಪದ್ಮಲತಾಳಿಗೆ ಗೊತ್ತಾಯಿತು. ಅಡುಗೆಮನೆಯ ಬಾಗಿಲಲ್ಲಿ ಆ ಹೊತ್ತು ನಿಂತಿದ್ದವಳು ಜಲಜಾಕ್ಷಿ. ಬಂದವರಿಗೆ ನೀರು ಕೊಡಲು ಅವಳೇ ಓಡಾಡಿದ್ದಳು. ಪದ್ಮಲತಾ ಅವಳ ಮನೆಗೆ ಹೋಗಿ ಮೆಟ್ಟಿಲಿನ ಕೆಳಗೇ ನಿಂತು ಕೇಳಿದಳು.

ಜಲಜಾಕ್ಷಿ ಇಲ್ಲವೆನ್ನಲಿಲ್ಲ. "ಗುಂಪಿಗೆ ಮಾತ್ರ ಹಾಕಿದ್ದು ಪದ್ಮಕ್ಕ. ಅವಳ ದುಃಖ ನೋಡಿದರೆ ಅವರ ಸಿಟ್ಟು ಇಳಿಯಬಹುದು ಅಂತ ಗ್ರಹಿಸಿದೆ."

"ಹೆಣದ ಎದುರು ನಿನಗೆ ಫೋನು ಎತ್ತಲಿಕ್ಕೆ ಕೈ ಬಂತಲ್ಲ."

"ನಾನೂ ಅಳ್ತಾ ಇದ್ದೆ." ಜಲಜಾಕ್ಷಿ ಮೆಟ್ಟಿಲಿನ ಅಂಚಿಗೆ ಬಂದಳು. "ನಮಗೂ ಹಕ್ಕು ಉಂಟು ಪದ್ಮಕ್ಕ. ಒಂಬತ್ತು ವರ್ಷ ಅವಳನ್ನು ನೋಡಿಕೊಂಡು ಬಂದದ್ದು ನಾವಲ್ವಾ? ಬಿಟ್ಟು ಹೋಗುವಾಗ ನಮ್ಮ ಹತ್ರ ಒಂದು ಮಾತು ಹೇಳಿದಳಾ?"

ಅವಳು ಸುಳ್ಳು ಹೇಳುತ್ತಿರಲಿಲ್ಲ, ಅದನ್ನೇ ಪದ್ಮಲತಾಳಿಗೆ ತಡೆದುಕೊಳ್ಳಲಾಗಲಿಲ್ಲ. ಬೈಯಲು ಬಂದವಳು ಹಾಗೆಯೇ ತಿರುಗಿ ಮನೆಗೆ ನಡೆದಳು. ಅಂದಿನಿಂದ ಬೇಲಿಯ ಆಚೀಚೆ ಮಾತು ನಿಂತಿತು.

ಹೊಸ ಧಾರಾವಾಹಿಯೊಂದರಲ್ಲಿ ತ್ರಿಶಾಳಿಗೆ ಟೀಚರಿನ ಪಾತ್ರ ನಿಶ್ಚಯವಾಗಿತ್ತು. ವೀಡಿಯೋ ಹರಡಿದ ಮೇಲೆ ಆ ನಿರ್ದೇಶಕರು, ಜನರ ಅಭಿಪ್ರಾಯ ಸ್ವಲ್ಪ ತಣ್ಣಗಾಗಲಿ ಎಂದರು. ಆಮೇಲೆ ಫೋನೇ ಎತ್ತಲಿಲ್ಲ. ತ್ರಿಶಾಳ ಫೋನು ಎತ್ತಿದ್ದು 'ಬಾವಿಕಟ್ಟೆ'ಯವರು. ಇಷ್ಟು ಜನ ಇನ್ನೂ ನಿನ್ನನ್ನೇ ನೋಡುತ್ತಿದ್ದಾರಲ್ಲ, ವಾಪಸು ಬಾ ಎಂದರು.

ಹೋಗುವುದು ಬೇಡವೆಂದು ಪದ್ಮಲತಾ ಹಟ ಹಿಡಿದಳು. ತ್ರಿಶಾ ಬಟ್ಟೆ ಮಡಚುತ್ತಲೇ ಇದ್ದಳು.

"ಬೇರೆ ಯಾರಿಗೂ ನಾನು ಬೇಡ ಅಮ್ಮ," ಎಂದಳು. "ಅವರಿಗೆ ಬೇಕು. ಬೈಯಲಿಕ್ಕಾದರೂ ಬೇಕು."

ಕೇದಗೆ ಮರಳಿದ ದಿನ ಬಳಗದವರು ಪಟಾಕಿ ಹೊಡೆದರು. ಮೂರನೆಯ ವಾರ ತ್ರಿಶಾ ಫೋನು ಮಾಡಿ, ಈ ಬುಧವಾರದ್ದು ನೋಡಬೇಡಿ ಎಂದಳು. ಯಾಕೆಂದು ಪದ್ಮಲತಾ ಕೇಳಲಿಲ್ಲ, ನೋಡಲೂ ಇಲ್ಲ.

ಗುರುವಾರ ಅಂಗಡಿಯ ಬಾಗಿಲು ತೆರೆಸಲು ಮೂಡುಬಿದಿರೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ದೂರದ ಸಂಬಂಧಿ ಮೋಕ್ಷಿತಾ ಸಿಕ್ಕಿದಳು. ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು. ನಿನ್ನೆ ಕೇದಗೆಯ ಅಪ್ಪ ಸತ್ತನಂತೆ. ಅವಳು ಹೆಣದ ಮೇಲೆ ಬಿದ್ದು, ಎದೆ ಎದೆ ಬಡಿದುಕೊಂಡು ಕೂಗಿದಳಂತೆ.

"ಅಳುವುದೆಂದರೆ ಹಾಗೆ ಅಳಬೇಕು ಪದ್ಮಕ್ಕ," ಎಂದಳು ಮೋಕ್ಷಿತಾ. ಅವಳ ಕಣ್ಣು ನಿಜವಾಗಿಯೂ ತುಂಬಿತ್ತು. "ನಮ್ಮ ಮನೆಯಲ್ಲಿ ರಾತ್ರಿ ಯಾರೂ ಸರಿ ಊಟ ಮಾಡಲಿಲ್ಲ."

ಕಣ್ಣೊರೆಸಿಕೊಂಡ ಮೇಲೆ ಅವಳಿಗೆ ನೆನಪಾಯಿತು. ಪ್ರಭಾಚಂದ್ರ ಭಾವ ತೀರಿಕೊಂಡಾಗ ತನಗೆ ಬರಲಿಕ್ಕಾಗಲಿಲ್ಲ, ಆ ದಿನ ಮನೆಗೆ ನೆಂಟರು ಬಂದಿದ್ದರು, ಬೇಸರ ಮಾಡಬಾರದು ಎಂದಳು. ಪದ್ಮಲತಾ ಇಲ್ಲವೆಂದು ತಲೆಯಾಡಿಸಿ, ಮೆಲ್ಲಗೆ ಕೈ ಬಿಡಿಸಿಕೊಂಡು, ಅಂಗಡಿಯ ಕಡೆಗೆ ರಸ್ತೆ ದಾಟಿದಳು.