ನಾಗಕ್ಕನಿಗೆ ಯಾವ ಬಣ್ಣ

"ಬಣ್ಣ ಸೊಟ್ಟ ಹೊಂಟೈತಿ ಅಪ್ಪಾ, ನಾ ಹಚ್ಚಲೇನು?" ಎಂದಳು ಮಗಳು ಸುನಿತಾ.

"ನೀ ತಲಿ ಹಿಡಕೊ, ಅಷ್ಟ ಸಾಕು," ಎಂದು ಗಾದಿಲಿಂಗಪ್ಪ, ಗೋಡೆಗೆ ಒರಗಿಸಿ ಕೂರಿಸಿದ್ದ ತಂಗಿಯ ಹೆಣದ ಕೆನ್ನೆಗೆ ಬಣ್ಣ ಬಳಿದರು.

ಕಂಪ್ಲಿಯ ಈ ನಾಟಕದವರ ಮನೆಯಲ್ಲಿ ಸತ್ತವರನ್ನು ಬರಿ ಮುಖದಲ್ಲಿ ಮಣ್ಣಿಗೆ ಕಳಿಸುವ ಪದ್ಧತಿಯಿಲ್ಲ. ಯಾವ ಪಾತ್ರವನ್ನು ಊರು ಮೆಚ್ಚಿತ್ತೋ ಆ ಪಾತ್ರದ ಬಣ್ಣ ಹಚ್ಚಿಯೇ ಎತ್ತಬೇಕು. ಗಾದಿಲಿಂಗಪ್ಪನವರ ಅಪ್ಪ ಮೀಸೆ ತಿರುವಿದ ಅರಸನಾಗಿ ಹೋದರು, ಅವ್ವ ರಾಣಿಯಾಗಿ. ಮೂರು ತಲೆಮಾರಿನ ಹೆಸರು ಅದು. ಟೆಂಟು ಹಾಕಿದಲ್ಲೆಲ್ಲ ಜನ ಮುಗಿಬೀಳುತ್ತಿದ್ದರು. ಆದರೆ ತಂಗಿ ನಾಗಕ್ಕನಿಗೆ ಯಾವ ಬಣ್ಣ? ಪಾಪ, ಅವಳು ಪಾತ್ರ ಮಾಡಿದ್ದಾದರೂ ಎಲ್ಲಿ! ಹತ್ತು ವರ್ಷದಿಂದ ದಿನಾ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ, ಅಲ್ಲಿಯ ಕೇಬಲ್ ಚಾನೆಲ್ಲಿನಲ್ಲಿ ಸಂಜೆ ಏಳಕ್ಕೆ ಕೂತು, ಕಾಲುವೆಗೆ ನೀರು ಬಿಡುವ ದಿನ, ಅದಿರಿನ ಲಾರಿಗಳು ಸಾಲುಗಟ್ಟಿ ನಿಂತ ರಸ್ತೆ, ಕಳೆದುಹೋದ ಎಮ್ಮೆ, ಕಾಣೆಯಾದ ಮನುಷ್ಯ, ಇಂಥವನ್ನೇ ಓದಿದವಳು. ಊರಿಗೆಲ್ಲ ಅವಳು ಟಿವಿ ನಾಗಕ್ಕ. ಅಣ್ಣ ಮಾತ್ರ ಏಳು ಹೊಡೆಯುತ್ತಿದ್ದಂತೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಒಂದು ದಿನವೂ ನೋಡಲಿಲ್ಲ.

ಈಗ ಅದು ಎದೆಯಲ್ಲಿ ಮುಳ್ಳಾಗಿ ಚುಚ್ಚುತ್ತಿತ್ತು. ಬದುಕಿದ್ದಾಗ ಕೊಡದ ಬಣ್ಣವನ್ನು ಈಗಲಾದರೂ ಕೊಡಬೇಕು. ಮೂರಕ್ಕೆ ಹೆಣ ಎತ್ತುವುದು. ಅಷ್ಟರೊಳಗೆ ಅವಳು ರಾಣಿಯಾಗಬೇಕು, ನಲವತ್ತು ವರ್ಷದ ಹಿಂದೆ ಅರ್ಧಕ್ಕೇ ನಿಂತ ರಾಣಿ.

*

ಆಗ ಅವಳಿಗೆ ಹದಿನೆಂಟು. ಕಮಲಾಪುರದ ಟೆಂಟಿನಲ್ಲಿ ಮೊದಲ ಪಾತ್ರ. ಗಾದಿಲಿಂಗಪ್ಪನೇ ಅರಸ. ರಾಣಿ ವಿಷದ ಬಟ್ಟಲು ಎತ್ತುವ ಹೊತ್ತು, ಟೆಂಟಿನಲ್ಲಿ ಪಿಟ್ಟೆನ್ನುವವರಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿಗೆ ಕೆಮ್ಮು ಹತ್ತಿತು. ನಿಲ್ಲಲೊಲ್ಲದು. ನಾಗಕ್ಕ ತುಟಿಯ ತನಕ ತಂದ ಬಟ್ಟಲನ್ನು ಇಳಿಸಿ, ಸರಸರ ಮುಂದೆ ಬಂದು, ಬಗ್ಗಿ ಕೇಳಿದಳು: "ನೀರು ಬೇಕೇನವ್ವಾ?"

ಕೇಳಿದ್ದಲ್ಲದೆ ಆ ಬಟ್ಟಲನ್ನೇ ಚಾಚಿದಳು! ಮುದುಕಿ ಗಟಗಟ ಕುಡಿದಳು.

"ಯವ್ವಾ, ಕುಡೀಬ್ಯಾಡ, ವಿಷ ಐತಿ!" ಎಂದು ಹಿಂದಿನಿಂದ ಯಾರೋ ಕೂಗಿದ್ದೇ ತಡ, ಟೆಂಟು ನಗೆಯಲ್ಲಿ ಹಾರಿಹೋಯಿತು.

"ವೇಷ ಹಾಕಿದ ಮ್ಯಾಲೆ ಎದುರಿಗೆ ಕುಂತೋರು ಕಣ್ಣಿಗೆ ಬೀಳಬಾರದು," ಎಂದು ಅಪ್ಪ ಪರದೆಯ ಹಿಂದೆ ಹಲ್ಲು ಕಡಿದರು. ಅಣ್ಣ ಅದಕ್ಕಿಂತ ಕೆಟ್ಟದ್ದು ಅಂದ. "ಮನಿ ಮರ್ಯಾದಿ ಕಳದಿ. ಇನ್ನ ಬಣ್ಣದ ಪೆಟ್ಟಿಗಿ ಮುಟ್ಟಬ್ಯಾಡ."

ಅವಳು ಮುಟ್ಟಲೇ ಇಲ್ಲ.

*

ಎರಡರ ಸುಮಾರಿಗೆ ಯಶವಂತನಗರದಿಂದ ಗಣಿ ಕೂಲಿ ಕಾಳಪ್ಪ, ಅವನ ಹೆಂಡತಿ ದುರ್ಗಕ್ಕ ಬಂದರು. ಇಬ್ಬರ ಕಾಲೂ ಮೊಣಕಾಲ ತನಕ ಅದಿರಿನ ಧೂಳಿನಿಂದ ಕೆಂಪಾಗಿದ್ದವು. ಹಾರ ಹಿಡಿದು ಮುಂದೆ ಬಂದ ಕಾಳಪ್ಪ ಹೆಣದ ಮುಖ ನೋಡಿ ತಬ್ಬಿಬ್ಬಾದ.

"ಮನಿ ತಪ್ಪಿ ಬಂದ್ವೇನ್ರೀ? ನಾಗಕ್ಕಾರು ಎಲ್ಲದಾರ?"

"ಕಣ್ಣು ಕಾಣಂಗಿಲ್ಲೇನು? ಎದುರಿಗೇ ಕುಂತಾಳಲ್ಲ!" ಗಾದಿಲಿಂಗಪ್ಪ ಸಿಡುಕಿದರು.

"ದಿನಾ ಟಿವ್ಯಾಗ ನೋಡಿದ ಮುಖರೀ ಅದು. ಹಿಂಗಿದ್ದಿಲ್ರಿ."

"ಸಾಹೇಬ್ರಿಗೆ ಪೂರಾ ಹೇಳು," ಎಂದು ದುರ್ಗಕ್ಕ ತಾನೇ ಶುರುಮಾಡಿದಳು. "ಮೂರು ವರ್ಷದ ಹಿಂದ ಇಂವ ನನ್ನ ಕೂಡ ಜಗಳಾಡಿ ಅದಿರಿನ ಲಾರಿ ಹತ್ತಿ ಹೋಗಿಬಿಟ್ಟಿದ್ನರಿ. ಫೋಟೊ ಒಯ್ದು ಅಕ್ಕಾರಿಗೆ ಕೊಟ್ಟೆ. ಒಂದ ದಿನ ಓದೋದು ಅಲ್ಲಿ ರೂಢಿ. ಅಕ್ಕಾರು ಹನ್ನೊಂದು ದಿನ ಓದಿದ್ರು."

"ಹನ್ನೊಂದನೇ ದಿನ ನಾ ಸಂಡೂರಾಗ ಒಂದು ಹೋಟ್ಲಿನ ಹಿಂದಿನ ಮೂಲ್ಯಾಗ ಕುಂತು ಮಿರ್ಚಿ ತಿನ್ನಾಕತ್ತಿದ್ದೆ," ಎಂದ ಕಾಳಪ್ಪ. "ಟಿವ್ಯಾಗ ಅಕ್ಕಾರು ಹಾಳಿ ಕೆಳಗಿಟ್ರು. ಕನ್ನಡಕದ ಮ್ಯಾಲಿಂದ ನೋಡಿದ್ರು. 'ಕಾಳಪ್ಪಾ, ದುರ್ಗಕ್ಕ ಕೂಳು ಬಿಟ್ಟಾಳ. ಸಿಟ್ಟು ಸಾಕು, ಎದ್ದು ಮನಿಗೆ ಹೋಗಪಾ' ಅಂದ್ರು. ನನ್ನ ಕಣ್ಣಾಗ ಕಣ್ಣಿಟ್ಟು ಅಂದಂಗಾತ್ರಿ. ಅರ್ಧ ಮಿರ್ಚಿ ಅಲ್ಲೇ ಬಿಟ್ಟು ಎದ್ದೆ."

ಗಾದಿಲಿಂಗಪ್ಪ ಬಣ್ಣದ ಪೆಟ್ಟಿಗೆ ಮುಚ್ಚಿದರು. ನಲವತ್ತೈದು ವರ್ಷ ರಂಗದ ಮೇಲೆ ಅತ್ತಿದ್ದರು, ಅಬ್ಬರಿಸಿದ್ದರು. ಹಿಂದಿನ ಮೂಲೆಯಲ್ಲಿ ಕೂತವರು ಅವರ ಮಾತಿಗೂ ಎದ್ದು ಮನೆಗೆ ಹೋದದ್ದುಂಟು, ನಿದ್ದೆ ಬಂದು! ಹೆಂಡತಿಯ ನೆನಪಾಗಿ ಒಬ್ಬನೂ ಹೋದಂತೆ ಕಾಣೆ.

"ಸುನಿತಾ, ಕೊಬ್ರಿ ಎಣ್ಣಿ ತಾ," ಎಂದರು.

ಅಂಗೈಗೆ ಎಣ್ಣೆ ಸುರುವಿಕೊಂಡು ಹುಬ್ಬು, ಕೆನ್ನೆ, ತುಟಿಗಳ ಬಣ್ಣವನ್ನೆಲ್ಲ ಉಜ್ಜಿ ತೆಗೆದರು. ಮಂಗಳದ ಪದಕ್ಕೆ ಸುರ ಹಿಡಿಯಲು ಬಂದಿದ್ದ, ನಾಟಕದ ಹಳೆಯ ಹಾರ್ಮೋನಿಯಂ ಮರಿಸ್ವಾಮಿಗೆ ಗಾಬರಿ. "ಗೌಡ್ರ, ಬರಿ ಮುಖದಾಗ ಕಳಸ್ತೀರೇನು? ಅಪ್ಪಾರ ಪದ್ಧತಿ..."

"ಜನಕ್ಕ ಗುರುತು ಸಿಗಬೇಕಲ್ಲೋ ಮಾರಾಯಾ," ಎನ್ನುತ್ತ ಗಾದಿಲಿಂಗಪ್ಪ ಹಣೆಗೆ ವಿಭೂತಿ ಹಚ್ಚಿ, ಅವಳ ಕನ್ನಡಕವನ್ನು ತಮ್ಮ ಧೋತರದ ಅಂಚಿನಿಂದ ಒರೆಸಿ, ಮೂಗಿನ ಮೇಲೆ ಕೂರಿಸಿದರು. ನೋಡಿ ನೋಡಿ ಅತ್ತುಬಿಟ್ಟರು.

ಮೂರಾಯಿತು. ಎತ್ತುವ ಮುನ್ನ ಮನೆಯ ಹಿರಿಯ ನಿಂತು ಮಂಗಳದ ಪದ ಹಾಡಬೇಕು. ಸಿಡಿಲು ಬಿದ್ದರೂ ನಡುವೆ ನಿಲ್ಲಿಸುವಂತಿಲ್ಲ. ಮರಿಸ್ವಾಮಿ ಸುರ ಹಿಡಿದ. ಗಾದಿಲಿಂಗಪ್ಪ ಕಣ್ಣು ಮುಚ್ಚಿ ದನಿ ಏರಿಸಿದರು. ಅಂಗಳವೆಲ್ಲ ಸ್ತಬ್ಧ.

ಎರಡನೇ ನುಡಿಯಲ್ಲಿ, ಹಿಂದಿನ ಸಾಲಿನಲ್ಲಿ ಕೂತಿದ್ದ ದುರ್ಗಕ್ಕನಿಗೆ ಕೆಮ್ಮು ಹತ್ತಿತು. ಗಣಿ ಧೂಳಿನ ಕೆಮ್ಮು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲೊಲ್ಲದು.

ಗಾದಿಲಿಂಗಪ್ಪ ಕಣ್ಣು ತೆರೆದರು. ಹಾಡು ನಿಂತಿತು. ಹಾರ್ಮೋನಿಯಂ ತಾನೊಂದೇ ನಾಲ್ಕು ಹೆಜ್ಜೆ ಮುಂದೆ ಹೋಗಿ, ದಾರಿ ತಪ್ಪಿ ಸುಮ್ಮನಾಯಿತು. ಅವರು ಮೂಲೆಯ ಕೊಡದಿಂದ ತಂಬಿಗೆ ತುಂಬಿಕೊಂಡು, ಕೂತವರ ನಡುವೆ ಕಾಲಿಗೆ ಜಾಗ ಹುಡುಕುತ್ತ ಹಿಂದಿನ ಸಾಲಿಗೆ ಹೋಗಿ, ಬಗ್ಗಿದರು.

"ನೀರು ಬೇಕೇನವ್ವಾ?"

ದುರ್ಗಕ್ಕ ಬೊಗಸೆ ಒಡ್ಡಿದಳು. ಗಾದಿಲಿಂಗಪ್ಪ ನೀರು ಹುಯ್ಯುತ್ತ ನಿಂತರು.