ಎಂಟು ಬೇಳೆ, ಏಳು ಮನೆ

ಗೋಡೆಗೆ ಒರಗಿಸಿ ಕೂಡಿಸಿದ್ದ ಅತ್ತೆ ಜಂಬಮ್ಮನ ಹೆಣದ ಹಣೆಗೆ ಗುರುಲಿಂಗಮ್ಮ ವಿಭೂತಿ ಹಚ್ಚುತ್ತಿದ್ದಾಗ ನಾದಿನಿ ಸಂಗಮ್ಮ ಹಿಂದಿನಿಂದ ಕೇಳಿದಳು:

“ವೈನಿ, ನಾಳಿ ಪರೀಕ್ಷಿಗೆ ಹೊಂಟಿಯಂತಲ್ಲ, ಖರೇನ?”

ಮೊದಲಿನ ಉರ್ದು ಬದಲು ಈಗ ಕನ್ನಡದಲ್ಲೇ ಬರೆಯಬಹುದಾದ ಮೆಟ್ರಿಕ್ ಪರೀಕ್ಷೆ. ನಾಳೆ ಬೆಳಿಗ್ಗೆ ಲಿಂಗಸುಗೂರಿನಲ್ಲಿ ಗಣಿತ. ಮಸ್ಕಿಯಲ್ಲಿ ಇವತ್ತು ಸಂಜೆಯ ಬಸ್ಸು ತಪ್ಪಿದರೆ ಒಂದು ವರ್ಷ ಹೋದಂತೆ, ಊರಿನ ಹೊಸ ಶಾಲೆಯಲ್ಲಿ ಕಲಿಸುವ ಕೆಲಸವೂ ಹೋದಂತೆ. ಗುರುಲಿಂಗಮ್ಮ ವಿಭೂತಿಯ ಮೂರನೆಯ ಗೆರೆ ಎಳೆದಳು.

“ಆಕಿಗೇನು. ಸತ್ತಾಕಿ ನಮ್ಮವ್ವ,” ಎಂದು ಸಂಗಮ್ಮ ಪಕ್ಕದ ಮನೆಯ ಮಾಬುಬೀ ಕಡೆ ತಿರುಗಿದಳು.

“ಸುಮ್ನಿರಬೇ. ಈಕಿ ಓದಾಕ ಕುಂತ್ರ ನಿಮ್ಮವ್ವ ತಾನ ರೊಟ್ಟಿ ಬಡೀತಿದ್ಲು.”

“ನನಗ ಒಂದಿನಾನೂ ಪಾಟಿ ಹಿಡಿ ಅನ್ನಲಿಲ್ಲ.”

*

ಹೋದ ಚಳಿಗಾಲ. ಜಂಬಮ್ಮ ತೊಗರಿಬೇಳೆ ಕೇರುತ್ತಿದ್ದಳು. ಸೊಸೆ ಪಾಟಿಯ ಮೇಲೆ ಬರೆದು ಬರೆದು ಅಳಿಸುತ್ತಿದ್ದಳು.

“ಸೂರ್ಯ ಒಂಬತ್ತು ಕೋಟಿ ಮೂವತ್ತು ಲಕ್ಷ ಮೈಲಿ ದೂರರೀ ಅತ್ತಿ. ಅದನ್ನ ಸಣ್ಣದು ಮಾಡಿ ಬರೀಬೇಕು. ಒಂಬತ್ತರ ಮುಂದ ಚುಕ್ಕಿ ಇಟ್ಟು, ಎಷ್ಟು ಸಲ ಹತ್ತರಿಂದ ಗುಣಿಸಬೇಕಂತ ಹತ್ತರ ತಲಿ ಮ್ಯಾಲೆ ಬರೀಬೇಕು. ಆರು ಸೊನ್ನಿ ಅದಾವ. ಆರು ಬರದ್ರ ತಪ್ಪಂತ.”

ಜಂಬಮ್ಮನಿಗೆ ಅಕ್ಷರ ಬಾರದು. ಆದರೆ ಚೌಕಾಬಾರದಲ್ಲಿ ಅವಳನ್ನು ಓಣಿಯಲ್ಲಿ ಯಾರೂ ಸೋಲಿಸಿರಲಿಲ್ಲ. ಅಂಕಿಗೊಂದರಂತೆ ಎಂಟು ಬೇಳೆಗಳನ್ನು ಮೊರದಲ್ಲಿ ಸಾಲಾಗಿ ಇಟ್ಟು, ಕೊನೆಗೆ ಚುಕ್ಕಿಯೆಂದು ಒಂದು ಎಳ್ಳು ಇಟ್ಟಳು.

“ಸೊನ್ನಿ ಯಾಕ ಎಣಸ್ತಿ? ಕಾಯಿ ನಡಸು. ಎಷ್ಟು ಮನಿ ದಾಟ್ತು?”

ಎಳ್ಳು ಹಿಂದೆ ಹಿಂದೆ ಸರಿದು ಮೊದಲ ಬೇಳೆಯ ಪಕ್ಕ ನಿಂತಿತು.

“ಏಳು,” ಎಂದಳು ಸೊಸೆ.

“ಬರಿ ಹಂಗಾರ. ಅಷ್ಟು ದೂರದ ಸೂರ್ಯ ಪಾಟಿ ಮ್ಯಾಲೆ ಬಂದು ಕುಂತಾನ. ಲಿಂಗಸುಗೂರು ನಿನಗೇನ್ ದೂರ?”

*

ಜಂಬಮ್ಮನನ್ನು ಮಣ್ಣು ಮಾಡಿ ಬಂದಾಗ ಮೂರು ಗಂಟೆ. ಬಿಸಿಲು ಇನ್ನೂ ಉರಿಯುತ್ತಿತ್ತು. ಸಂಗಮ್ಮ ಮಠದ ಅಯ್ಯನವರನ್ನು ಬಾಗಿಲಲ್ಲೇ ತಡೆದಳು.

“ನೀವ ಹೇಳ್ರಿ. ಸೂತಕದಾಗ ಊರು ಬಿಡಬಹುದೇನ್ರಿ?”

“ಲಿಂಗ ಕಟ್ಟಿದವರಿಗೆ ಎಲ್ಲೀ ಸೂತಕ, ತಂಗಿ? ಗಂಡನ್ನ ಮಣ್ಣು ಮಾಡಿದ ಮರುದಿನ ನಿಮ್ಮವ್ವ ಬಿತ್ತಾಕ ಹೋಗಿದ್ಲು. ನೀ ಆಗ ಬಗಲಾಗಿನ ಕೂಸು.”

ಸಂಗಮ್ಮ ತಲೆ ತಗ್ಗಿಸಿ ಒಳಗೆ ಹೋದಳು.

ಗುರುಲಿಂಗಮ್ಮನ ಗಂಡ ಹಂಪಣ್ಣ ಬಂಡಿ ಹೂಡಿದ. ಹೊರಡುವಷ್ಟರಲ್ಲಿ ಸಂಗಮ್ಮ ಬುತ್ತಿ ಹಿಡಿದು ಬಂದು ಬಂಡಿ ಹತ್ತಿದಳು.

“ಅತ್ತಾಗ ಸರಿ ವೈನಿ. ಪರಊರಾಗ ನಿನ್ನೊಬ್ಬಾಕಿನ್ನ ಬಿಟ್ರ ಅವ್ವ ನನ್ನ ಸುಮ್ನ ಬಿಡ್ತಾಳೇನು?”

“ಸಂಗವ್ವಾ...”

“ಮಾತು ಬ್ಯಾಡ. ಓದು.”

ಮಸ್ಕಿಯ ದಾರಿಯುದ್ದಕ್ಕೂ ಸಂಗಮ್ಮ ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಬಂಡಿ ಕುಲುಕಿದಾಗಲೆಲ್ಲ ನೆರಳು ಪುಸ್ತಕದಿಂದ ಜಾರುತ್ತಿತ್ತು. ಅವಳು ಮತ್ತೆ ಎಳೆದು ತಂದು ಹಾಳೆಯ ಮೇಲೆ ನಿಲ್ಲಿಸುತ್ತಿದ್ದಳು.